ಗಾಳಿಯಿಂದ ತಣಿಯುವ ಎಂಜಿನು ಮತ್ತು ನಮ್ಮ ಬೇಸಿಗೆ

ಯಾದಗಿರಿಯಿಂದ ಶಹಾಪುರದ ಮೇಲೆ ಸುರಪುರಕ್ಕೆ ಹೋಗುವ ರಸ್ತೆಯಲ್ಲಿ ಕಳೆದ ಮೇ ತಿಂಗಳ ಒಂದು ಮಧ್ಯಾಹ್ನ ನಾವು ವಿದ್ಯಾರ್ಥಿಯೊಬ್ಬನ ಹಳೆಯ ಯೆಜ್ದಿ ಮೋಟಾರು ಸೈಕಲ್ಲಿನ ಹಿಂದೆ ಕುಳಿತು ಪ್ರಯಾಣ ಮಾಡುತ್ತಿದ್ದೆವು. ಭೀಮೆಯನ್ನು ದಾಟಿ, ಮಲಗಿದ ಬುದ್ಧನಂತೆ ತೋರುವ ಶಹಾಪುರದ ಬೆಟ್ಟವನ್ನು ಹಿಂದಿಟ್ಟು, ಸುರಪುರದ ಗುಡ್ಡಗಳು ಕಣ್ಣಿಗೆ ಬೀಳುವ ಹೊತ್ತಿಗೆ ಎಂಜಿನಿನ ಧ್ವನಿ ಕುಂದಿತು. ವೇಗ ತಾನಾಗಿ ಇಳಿಯಿತು. ಹಿಂದಿನ ಚಕ್ರವನ್ನು ಯಾರೋ ಹಿಡಿದೆಳೆದಂತಾಯಿತು. ಹುಡುಗ ಜಾಣ, ಕೂಡಲೇ ಕ್ಲಚ್ಚು ಹಿಡಿದ. ಹಿಡಿಯದಿದ್ದರೆ ಚಕ್ರ ಕಚ್ಚಿಕೊಂಡು ಇಬ್ಬರೂ ರಸ್ತೆಯ ಪಾಲಾಗುತ್ತಿದ್ದೆವು. ಗಾಡಿಯನ್ನು ಬೇವಿನ ಮರದ ನೆರಳಿಗೆ ತಳ್ಳಿ ನಿಲ್ಲಿಸಿದೆವು. ಗ್ಯಾರೇಜಿನವರ ಮಾತಿನಲ್ಲಿ ಹೇಳುವುದಾದರೆ, ಎಂಜಿನು 'ಸೀಜ್' ಆಗಿತ್ತು.

ಬಿಸಿಯಾದ ಎಂಜಿನಿಗೆ ನೀರು ಸುರಿಯಬಾರದೆಂದು ನಾವು ತಡೆದ ಕಾರಣ ಅರ್ಧ ಗಂಟೆ ಸುಮ್ಮನೆ ಕುಳಿತಿರಬೇಕಾಯಿತು. ಆಗ ಆತ ಕೇಳಿದ: "ಸರ್, ಇದೇ ಗಾಡಿ ನಮ್ಮ ಮುತ್ಯಾ ಇದೇ ಬಿಸಲಾಗ ಇಪ್ಪತ್ತು ವರ್ಷ ಓಡಿಸ್ಯಾನ್ರಿ. ಈಗ ಯಾಕ ಹಿಂಗಾತ್ರಿ?"

ಪ್ರಶ್ನೆ ಚಿಕ್ಕದು, ಉತ್ತರ ಚಿಕ್ಕದಲ್ಲ. ಗಾಡಿ ಅದೇ, ರಸ್ತೆ ಅದೇ, ಬಿಸಿಲೂ ಬಹುಮಟ್ಟಿಗೆ ಅದೇ. ಆದರೆ ಎಂಜಿನಿನೊಳಗೆ ಹುಟ್ಟುವ ಉಷ್ಣಕ್ಕೂ ಅದರಿಂದ ಹೊರಗೆ ಹೋಗುವ ಉಷ್ಣಕ್ಕೂ ನಡುವೆ ಇರಬೇಕಾದ ಸಮತೂಕವು ಎಲ್ಲೆಲ್ಲಿ ಕೆಟ್ಟಿತ್ತೆಂಬುದನ್ನು ಒಂದೊಂದಾಗಿ ನೋಡಬೇಕು.

ಮೊದಲು ಯಂತ್ರದ ಪರಿಚಯ ಆಗಲಿ. ಚೆಕ್ ದೇಶದಲ್ಲಿ 1929ರಲ್ಲಿ ಹುಟ್ಟಿದ ಜಾವಾ ಮೋಟಾರು ಸೈಕಲ್ಲನ್ನು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ನಮ್ಮಲ್ಲಿ ತಯಾರಿಸತೊಡಗಿತು. 1970ರ ದಶಕದಲ್ಲಿ ಅದಕ್ಕೆ ಯೆಜ್ದಿ ಎಂಬ ಹೆಸರು ಬಂದಿತು. ಕಾರ್ಖಾನೆಯು 1996ರಲ್ಲಿ ಮುಚ್ಚಿತು. 2022ರಲ್ಲಿ ಅದೇ ಹೆಸರಿನಿಂದ ಮಾರುಕಟ್ಟೆಗೆ ಬಂದ ಗಾಡಿಗಳು ನೀರಿನಿಂದ ತಣಿಯುವಂಥವು. ಇಲ್ಲಿನ ಮಾತು ಅವಕ್ಕೆ ಅನ್ವಯಿಸುವುದಿಲ್ಲ. ಹಳೆಯ ಯೆಜ್ದಿಯದು ಒಂದೇ ಸಿಲಿಂಡರಿನ, ಎರಡು ಸ್ಟ್ರೋಕಿನ, ಸುಮಾರು 250 ಘನ ಸೆಂಟಿಮೀಟರಿನ ಎಂಜಿನು. ಅದರಲ್ಲಿ ನೀರಿಲ್ಲ, ರೇಡಿಯೇಟರಿಲ್ಲ, ಫ್ಯಾನಿಲ್ಲ. ಅದನ್ನು ತಣಿಸುವುದು ಓಟದಲ್ಲಿ ಎದುರಾಗುವ ಗಾಳಿಯೊಂದೇ.

ಗಾಳಿಯು ಉಷ್ಣವನ್ನು ಹೊರುವುದರಲ್ಲಿ ಬಹಳ ಬಡವ. 43 ಡಿಗ್ರಿ ಸೆಲ್ಸಿಯಸಿನಲ್ಲಿ ಒಂದು ಘನ ಮೀಟರು ಗಾಳಿಯ ತೂಕ ಸುಮಾರು 1.1 ಕಿಲೋಗ್ರಾಂ, ಅಷ್ಟೇ ನೀರಿನ ತೂಕ ಸುಮಾರು 1000 ಕಿಲೋಗ್ರಾಂ. ನೀರಿನ ವಿಶಿಷ್ಟೋಷ್ಣವೂ ಗಾಳಿಯದಕ್ಕಿಂತ ನಾಲ್ಕು ಪಾಲು ಹೆಚ್ಚು. ಎರಡನ್ನೂ ಗುಣಿಸಿದರೆ, ಗಾತ್ರಕ್ಕೆ ಗಾತ್ರ ನೋಡಿದಾಗ ಒಂದು ಡಿಗ್ರಿ ಏರುವುದಕ್ಕೆ ನೀರು ಹೀರುವ ಉಷ್ಣವು ಗಾಳಿ ಹೀರುವುದರ ಮೂರೂವರೆ ಸಾವಿರ ಪಾಲಿಗಿಂತ ಹೆಚ್ಚು. ಈ ಬಡತನವನ್ನು ತುಂಬಿಕೊಡುವುದಕ್ಕಾಗಿಯೇ ಸಿಲಿಂಡರಿನ ಸುತ್ತ ರೆಕ್ಕೆಗಳನ್ನು, ಎಂದರೆ ಫಿನ್ನುಗಳನ್ನು, ಎರಕ ಹೊಯ್ದಿರುವರು.

ರೆಕ್ಕೆಗಳ ಪ್ರಯೋಜನವನ್ನು ಹೀಗೆ ಲೆಕ್ಕ ಹಾಕಬಹುದು. ಒಂದೊಂದು ರೆಕ್ಕೆ 3 ಮಿಲಿಮೀಟರು ದಪ್ಪ, 30 ಮಿಲಿಮೀಟರು ಅಗಲ, ನಡುವಣ ಸಂದು 7 ಮಿಲಿಮೀಟರು ಎಂದು ಇಟ್ಟುಕೊಳ್ಳಿ. ರೆಕ್ಕೆಯಿಲ್ಲದ ಗೋಡೆಯಲ್ಲಿ ಪ್ರತಿ 10 ಮಿಲಿಮೀಟರು ಎತ್ತರಕ್ಕೆ ಗಾಳಿಗೆ ಸಿಗುವ ಮೈ 10 ಮಿಲಿಮೀಟರೇ. ರೆಕ್ಕೆ ಇದ್ದರೆ ಸಂದಿನ 7, ತುದಿಯ 3, ಎರಡು ಬದಿಯ 60, ಒಟ್ಟು 70. ಮೈ ಏಳು ಪಾಲಾಯಿತು. ಈಗ ಆ ಸಂದುಗಳಲ್ಲಿ ಎರೆಮಣ್ಣು ಮೆತ್ತಿಕೊಂಡು ಒಣಗಿದೆಯೆಂದು ಭಾವಿಸಿ. ಒಣಮಣ್ಣಿನ ಉಷ್ಣವಾಹಕತೆ ಅಲ್ಯುಮಿನಿಯಮ್ಮಿನದರ ನೂರಾರರಲ್ಲಿ ಒಂದು ಪಾಲು. ಏಳು ಪಾಲಿನ ಲಾಭ ಬಹುಮಟ್ಟಿಗೆ ಹೋದಂತೆಯೇ. ನಮ್ಮ ವಿದ್ಯಾರ್ಥಿಯ ಹೊಲವಿರುವುದು ನಾರಾಯಣಪುರದ ಎಡದಂಡೆ ಕಾಲುವೆಯ ಕೆಳಗೆ, ಭತ್ತದ ಗದ್ದೆಗಳ ನಡುವೆ. ಅವನ ಗಾಡಿಯ ಬಲಬದಿಯ ಸಂದುಗಳು ಎಷ್ಟು ಕಾಲದಿಂದ ಮುಚ್ಚಿದ್ದುವೋ! ತಣ್ಣಗಿರುವಾಗ ಮರದ ಕಡ್ಡಿಯಿಂದಲೂ ಬಿರುಸಾದ ಕುಂಚದಿಂದಲೂ ಇದನ್ನು ತೆಗೆಯಬೇಕು. ಅಂದಕ್ಕೆಂದು ರೆಕ್ಕೆಗಳಿಗೆ ದಪ್ಪನಾಗಿ ಬಣ್ಣ ಬಳಿಯುವುದೂ, ಮುಂದುಗಡೆಯ ಗಾರ್ಡಿಗೆ ಚೀಲ ಕಟ್ಟುವುದೂ ನಮಗೆ ಸರಿದೋರುವುದಿಲ್ಲ.

ಇನ್ನು ಬಿಸಿಲಿನ ಪಾಲು. ನ್ಯೂಟನ್ನನ ನಿಯಮದಂತೆ, ಬಿಸಿಯಾದ ವಸ್ತು ಕಳೆದುಕೊಳ್ಳುವ ಉಷ್ಣದ ದರವು ಅದಕ್ಕೂ ಸುತ್ತಣ ಗಾಳಿಗೂ ಇರುವ ತಾಪದ ವ್ಯತ್ಯಾಸವನ್ನು ಅವಲಂಬಿಸಿರುವುದು. ರೆಕ್ಕೆಯ ತಾಪ 180 ಡಿಗ್ರಿ ಎನ್ನೋಣ. ಗಾಳಿ 25 ಡಿಗ್ರಿ ಇರುವ ಡಿಸೆಂಬರಿನ ಹಗಲಿನಲ್ಲಿ ವ್ಯತ್ಯಾಸ 155. 43 ಡಿಗ್ರಿಯ ಮೇ ತಿಂಗಳಿನಲ್ಲಿ 137. ಶೇಕಡ 12ರಷ್ಟು ಕಡಿಮೆ. ಒಳಗಿನ ಉಷ್ಣ ಅಷ್ಟೇ ಹುಟ್ಟುತ್ತಿದ್ದರೆ ರೆಕ್ಕೆಯು 198 ಡಿಗ್ರಿಗೆ ಏರಿದ ಮೇಲೆಯೇ ಸಮತೂಕ ಮರಳುವುದು. ಬಿಸಿಲೊಂದರಿಂದ ಆಗುವ ಏರಿಕೆ ಇಷ್ಟೇ. ಇದನ್ನು ಎಂಜಿನು ತಾಳಿಕೊಳ್ಳುವುದು. ಮುತ್ಯಾನ ಕಾಲದಲ್ಲಿ ತಾಳಿಕೊಂಡದ್ದೂ ಇದನ್ನೇ.

ಹೆಚ್ಚು ಬಿಸಿಯಾದರೆ ಪಿಸ್ಟನ್ನು ಏಕೆ ಕಚ್ಚಿಕೊಳ್ಳುವುದು? ಪಿಸ್ಟನ್ನು ಅಲ್ಯುಮಿನಿಯಮ್ಮಿನ ಮಿಶ್ರಲೋಹದ್ದು, ಸಿಲಿಂಡರು ಎರಕದ ಕಬ್ಬಿಣದ್ದು. ಮೊದಲನೆಯದರ ವ್ಯಾಕೋಚನಾಂಕ ಡಿಗ್ರಿಗೆ ಸುಮಾರು ಹತ್ತು ಲಕ್ಷದಲ್ಲಿ 20, ಎರಡನೆಯದರದು 11. ಪಿಸ್ಟನ್ನಿನ ವ್ಯಾಸ 65 ಮಿಲಿಮೀಟರು. ಅದೊಂದೇ 50 ಡಿಗ್ರಿ ಹೆಚ್ಚಾಗಿ ಕಾದರೆ 0.065 ಮಿಲಿಮೀಟರು ಹಿಗ್ಗುವುದು. ಅದಕ್ಕೂ ಸಿಲಿಂಡರಿಗೂ ನಡುವೆ ಬಿಟ್ಟಿರುವ ತೆರವೇ ಮಿಲಿಮೀಟರಿನ ನೂರರಲ್ಲಿ ಕೆಲವು ಪಾಲು. ತೆರವು ತೀರಿದೊಡನೆ ಎಣ್ಣೆಯ ಪದರ ಹರಿಯುವುದು, ಲೋಹಕ್ಕೆ ಲೋಹ ಉಜ್ಜುವುದು, ಉಜ್ಜಿದ್ದರಿಂದ ಮತ್ತಷ್ಟು ಬಿಸಿಯಾಗುವುದು. ಕೆಲವೇ ಕ್ಷಣಗಳಲ್ಲಿ ಎಲ್ಲವೂ ಮುಗಿಯುವುದು. ಬಿಸಿ ಎಂಜಿನಿಗೆ ನೀರು ಹಾಕಬಾರದೆನ್ನುವುದೂ ಇದಕ್ಕಾಗಿಯೇ: ಹೊರಗಿನ ಸಿಲಿಂಡರು ಮೊದಲು ಕುಗ್ಗಿ, ಇನ್ನೂ ಹಿಗ್ಗಿರುವ ಪಿಸ್ಟನ್ನನ್ನು ಅಮುಕುವುದು. ಎರಕ ಬಿರಿಯುವ ಭಯವೂ ಉಂಟು.

ಇಷ್ಟಾದರೂ ನಮ್ಮ ಪ್ರಶ್ನೆಯ ಅರ್ಧಭಾಗ ಹಾಗೆಯೇ ಉಳಿದಿದೆ. ಉಷ್ಣವು ಹೊರಗೆ ಹೋಗುವುದು ಕಡಿಮೆಯಾಯಿತು, ಸರಿ. ಒಳಗೆ ಹುಟ್ಟುವುದು ಹೆಚ್ಚಾಯಿತೇ? ಇಲ್ಲಿ ಇಂಧನದ ವಿಚಾರಕ್ಕೆ ಬರಬೇಕಾಗುವುದು.

ಕಾರ್ಬುರೇಟರಿನ ಕೆಲಸ ಗಾಳಿಗೆ ಪೆಟ್ರೋಲನ್ನು ತಕ್ಕ ಪ್ರಮಾಣದಲ್ಲಿ ಬೆರೆಸುವುದು. ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಗಾಳಿಯಿಂದ ತಣಿಯುವ ಎಂಜಿನಿಗೆ ಮಾತ್ರ ಬಿರುಸಾದ ಓಟದಲ್ಲಿ ಇದಕ್ಕಿಂತ ದಟ್ಟವಾದ, 12ರಿಂದ 13ರಷ್ಟು ಗಾಳಿಯ ಮಿಶ್ರಣವನ್ನು ಕೊಡುವುದು ವಾಡಿಕೆ. ಹೆಚ್ಚಾದ ಪೆಟ್ರೋಲು ಆವಿಯಾಗುವಾಗ ಒಳಗಿನಿಂದಲೇ ತಂಪು ಕೊಡುವುದು. ಮಿಶ್ರಣ ತೆಳುವಾಗುತ್ತ 14.7ರ ಕಡೆಗೆ ಸರಿದಂತೆಲ್ಲ ಜ್ವಾಲೆಯ ತಾಪ ಏರುವುದು. ಎರಡು ಸ್ಟ್ರೋಕಿನ ಎಂಜಿನಿನಲ್ಲಿ ಇನ್ನೊಂದು ಕಷ್ಟವಿದೆ. ಅದರ ಪಿಸ್ಟನ್ನಿಗೆ ಎಣ್ಣೆ ಬರುವುದು ಪೆಟ್ರೋಲಿನೊಡನೆಯೇ. ಲೀಟರಿಗೆ 40 ಮಿಲಿಲೀಟರಿನ ಆಸುಪಾಸಿನಲ್ಲಿ ಬೆರೆಸುವರು. ಆದುದರಿಂದ ಪೆಟ್ರೋಲು ಕಡಿಮೆಯಾದರೆ ಎಣ್ಣೆಯೂ ಕಡಿಮೆ. ತಾಪ ಏರುವ ಹೊತ್ತಿನಲ್ಲೇ ಜಿಡ್ಡು ಇಳಿಯುವುದು.

ಮಿಶ್ರಣವನ್ನು ತೆಳುಮಾಡುವ ಕಾರಣಗಳು ಹಲವು. ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಮುಚ್ಚಿದ್ದರೆ ಪೆಟ್ರೋಲು ಇಳಿಯುವುದಿಲ್ಲ. ಕ್ರ್ಯಾಂಕಿನ ಸೀಲು ಹಳೆಯದಾಗಿದ್ದರೆ ಬೇಡದ ಗಾಳಿ ಒಳಗೆ ಸೇರುವುದು. ಫ್ಲೋಟಿನ ಮಟ್ಟ ತಗ್ಗಿದ್ದರೂ ಹಾಗೆಯೇ. ಜೆಟ್ಟಿನ ರಂಧ್ರದಲ್ಲಿ ಕಸ ಕುಳಿತರಂತೂ ಹೇಳುವುದೇ ಬೇಡ. ಜೆಟ್ಟನ್ನು ತಂತಿಯಿಂದ ಚುಚ್ಚಿ ಶುದ್ಧಮಾಡುವ ಅಭ್ಯಾಸ ಎಲ್ಲೆಡೆಯೂ ಇದೆ, ಅದು ತಪ್ಪು. ಹಿತ್ತಾಳೆ ಮೆತ್ತಗಿನ ಲೋಹ, ರಂಧ್ರದ ಅಳತೆ ಕೆಡುವುದು. ಗಾಳಿ ಊದಿಯೇ ತೆಗೆಯಬೇಕು. ಕಿಡಿ ಹೊತ್ತುವ ಹೊತ್ತೂ ಸರಿಯಾಗಿರಬೇಕು. ತಡವಾಗಿ ಹೊತ್ತಿದರೆ ಉರಿಯು ಹೊರಬಾಗಿಲಿನವರೆಗೆ ಮುಂದುವರಿದು ಸಿಲಿಂಡರನ್ನು ಕಾಯಿಸುವುದು.

ಮುತ್ಯಾನ ಕಾಲದಲ್ಲಿ ಇಲ್ಲದಿದ್ದ ಹೊಸ ಕಾರಣವೊಂದು ಈಗ ಸೇರಿದೆ. ಶೇಕಡ 20ರಷ್ಟು ಎಥೆನಾಲು ಬೆರೆತ ಪೆಟ್ರೋಲನ್ನು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು. 2025ರ ವೇಳೆಗೆ ಅದೇ ದೇಶದ ಸಾಮಾನ್ಯ ಪೆಟ್ರೋಲಾಯಿತು. ಎಥೆನಾಲಿನ ಅಣುವಿನಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ ಒಂದು ಕಿಲೋಗ್ರಾಮಿಗೆ 9 ಕಿಲೋಗ್ರಾಂ ಗಾಳಿ ಸಾಕು. ಬೆರಕೆಗೆ ಲೆಕ್ಕ ಹಾಕಿದರೆ 13.5 ಬರುವುದು. ಹೊಸ ಗಾಡಿಗಳಲ್ಲಿ ಇದನ್ನು ತಿಳಿದು ಸರಿಪಡಿಸುವ ಸಾಧನ ಇದೆ. ಹಳೆಯ ಕಾರ್ಬುರೇಟರಿಗೆ ಈ ಬದಲಾವಣೆ ತಿಳಿಯದು. ಅದು ಹಿಂದಿನಷ್ಟೇ ಗಾಳಿ, ಹಿಂದಿನಷ್ಟೇ ಇಂಧನವನ್ನು ಕೊಡುತ್ತ ಹೋಗುವುದು. ಫಲವಾಗಿ ಮಿಶ್ರಣವು ಶೇಕಡ 8-9ರಷ್ಟು ತೆಳುವಾಗುವುದು. ಬೇಸಿಗೆಯ ಗಾಳಿ ವಿರಳವಾದುದರಿಂದ ಇದರಲ್ಲಿ ಶೇಕಡ 3ರಷ್ಟು ತಾನಾಗಿ ಸರಿಹೋಗುವುದೂ ಉಂಟು. ವಿದ್ಯಾರ್ಥಿಗಳು ಸಾಂದ್ರತೆಯ ವರ್ಗಮೂಲ ತೆಗೆದು ಇದನ್ನು ತಾವೇ ನೋಡಬಹುದು.

ಎಥೆನಾಲನ್ನು ಸುಮ್ಮನೆ ದೂಷಿಸುವುದು ನ್ಯಾಯವಲ್ಲ. ಅದು ಆವಿಯಾಗಲು ಪೆಟ್ರೋಲಿನ ಎರಡೂವರೆ ಪಾಲು ಉಷ್ಣವನ್ನು ಹೀರುವುದು. ಎಂಜಿನು ಬಡಿದುಕೊಳ್ಳುವ ದೋಷವೂ ಅದರಿಂದ ಕಡಿಮೆಯಾಗುವುದು. ಜೆಟ್ಟನ್ನು ಹೊಂದಿಸಿಕೊಂಡರೆ ಅದು ಒಳ್ಳೆಯ ಇಂಧನವೇ. ಜೆಟ್ಟಿನ ಮೂಲಕ ಹರಿಯುವ ಇಂಧನ ವ್ಯಾಸದ ವರ್ಗವನ್ನು ಅನುಸರಿಸುವುದರಿಂದ ಶೇಕಡ 9 ಹೆಚ್ಚಿಸಲು ವ್ಯಾಸವನ್ನು ಶೇಕಡ 4ಕ್ಕಿಂತ ತುಸು ಹೆಚ್ಚು ದೊಡ್ಡದು ಮಾಡಿದರಾಯಿತು. ಒಂದು ಮಿಲಿಮೀಟರಿನ ಜೆಟ್ಟಿಗೆ ಬದಲು 1.04ರದು.

ಅದರ ನಿಜವಾದ ತೊಂದರೆ ನೀರಿನ ಮೋಹ. ಗದ್ದೆಯ ಬದಿಯಲ್ಲಿ ಮಳೆಗಾಲವೆಲ್ಲ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರು ಸೇರಿದರೆ, ಸ್ವಲ್ಪವಿರುವ ತನಕ ಕರಗಿಕೊಂಡಿರುವುದು. ಮಿತಿ ಮೀರಿದೊಡನೆ ನೀರೂ ಎಥೆನಾಲೂ ಕೂಡಿ ತಳಕ್ಕೆ ಇಳಿಯುವುವು. ಎಣ್ಣೆ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುವುದು. ಕೊಳವೆಯ ಬಾಯಿ ಇರುವುದು ತಳದಲ್ಲಿ! ಇದಲ್ಲದೆ ಹಳೆಯ ರಬ್ಬರು, ಬೆಂಡಿನ ವಾಷರುಗಳು ಎಥೆನಾಲಿನಲ್ಲಿ ಉಬ್ಬಿ ಹಾಳಾಗುವುವು. ಟ್ಯಾಂಕಿನ ಹಳೆಯ ತುಕ್ಕು ಸಡಿಲಗೊಂಡು ಜೆಟ್ಟಿಗೆ ಬರುವುದು.

ಎಥೆನಾಲು ಎಷ್ಟಿದೆಯೆಂಬುದನ್ನು ಕಾಲೇಜಿನಲ್ಲಿ ಸುಲಭವಾಗಿ ಅಳೆಯಬಹುದು. ಅಧ್ಯಾಪಕರ ಸಮ್ಮುಖದಲ್ಲಿ, ಬಯಲಿನಲ್ಲಿ, ಬೆಂಕಿಯ ಸುಳಿವೇ ಇಲ್ಲದ ಕಡೆ, ಅಳತೆಯ ಗಾಜಿನ ಜಾಡಿಯಲ್ಲಿ ಎಣ್ಣೆ ಬೆರೆಸದ ಪೆಟ್ರೋಲು 50 ಮಿಲಿಲೀಟರು, ನೀರು 50 ಮಿಲಿಲೀಟರು ಹಾಕಿ ಅಲುಗಿಸಿ ಇಡಬೇಕು. ಎಥೆನಾಲು ನೀರಿಗೆ ಇಳಿದು ಕೆಳಗಿನ ಪದರ 60ರ ಹತ್ತಿರಕ್ಕೆ ಬರುವುದು. ಪೂರ್ತಿ 60 ಆಗುವುದಿಲ್ಲ. ನೀರೂ ಎಥೆನಾಲೂ ಬೆರೆತಾಗ ಗಾತ್ರ ತುಸು ಕುಗ್ಗುವುದು. ಅದೂ ಒಂದು ಪಾಠವೇ.

ಕಾರಿನ ಮಾತು ಹೇಗೆಂದು ಕೆಲವರು ಕೇಳಬಹುದು. ಗಾಳಿಯಿಂದ ತಣಿಯುವ ಕಾರುಗಳಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಹೆಸರಾದುದು. ಮೆಕ್ಸಿಕೋದಲ್ಲಿ 2003ರಲ್ಲಿ ಅದರ ತಯಾರಿಕೆ ನಿಲ್ಲುವ ಹೊತ್ತಿಗೆ ಎರಡು ಕೋಟಿ ಹದಿನೈದು ಲಕ್ಷ ಕಾರುಗಳು ಹೊರಬಂದಿದ್ದುವು. ಎಂಜಿನು ಹಿಂಬದಿಯಲ್ಲಿ ಅಡಗಿರುವುದರಿಂದ ಅದಕ್ಕೆ ಫ್ಯಾನು ಬೇಕಾಯಿತು. ಫ್ಯಾನನ್ನೂ ಡೈನಮೊವನ್ನೂ ತಿರುಗಿಸುವುದು ಒಂದೇ ಬೆಲ್ಟು. ಓಡುವಾಗ ಚಾರ್ಜಿನ ಕೆಂಪು ದೀಪ ಹೊತ್ತಿದರೆ ಬ್ಯಾಟರಿಯ ದೋಷವೆಂದು ಮುಂದುವರಿಯದೆ ಅಲ್ಲಿಯೇ ನಿಲ್ಲಿಸಬೇಕು. ಬೆಲ್ಟು ಹರಿದಿದ್ದರೆ ಗಾಳಿಯೂ ನಿಂತಿರುವುದು. ಬಿಸಿ ಎಂಜಿನಿನ ಮೇಲೆ ಹಾದುಹೋಗುವ ಪೆಟ್ರೋಲು ಕೊಳವೆ ಬಿರಿದರೆ ಬೆಂಕಿಯೇ ಗತಿ.

ಬೇವಿನ ಮರದಡಿಗೆ ಮರಳೋಣ. ತಣಿದ ಮೇಲೆ ಪ್ಲಗ್ಗು ಬಿಚ್ಚಿ ನೋಡಿದೆವು. ಅದರ ತುದಿ ಸುಣ್ಣದಂತೆ ಬೆಳ್ಳಗಿತ್ತು. ಮಿಶ್ರಣ ಸರಿಯಿದ್ದರೆ ಕಂದು ಬಣ್ಣವಿರಬೇಕು. ಕಾರ್ಬುರೇಟರಿನ ಬಟ್ಟಲಿನಲ್ಲಿ ತುಕ್ಕಿನ ಕೆಂಪು ಪುಡಿ ಇತ್ತು. ಬಿಸಿಲು, ಮಣ್ಣು, ತುಕ್ಕು, ಎಥೆನಾಲು: ಬಿಡಿಬಿಡಿಯಾಗಿ ಬಂದಿದ್ದರೆ ಎಂಜಿನು ಬಹುಶಃ ತಾಳಿಕೊಳ್ಳುತ್ತಿತ್ತು. ಹೊರಡುವ ಮುನ್ನ ಇದಾವುದನ್ನೂ ನೋಡದೆ ಹತ್ತಿ ಕುಳಿತ ತಪ್ಪು ನಮ್ಮದೂ ಹೌದು. ಅಂದು ಗಾಡಿಯನ್ನು ಟಂಟಂನಲ್ಲಿ ಹೇರಿಸಿಕೊಂಡು ಯಾದಗಿರಿಗೆ ತಂದೆವು.

ಸಿಲಿಂಡರು ಬಿಚ್ಚಿದಾಗ, ಪಿಸ್ಟನ್ನಿನ ಮೇಲೆ ಹೊಗೆ ಹೊರಬೀಳುವ ಬದಿಯಲ್ಲಿ ಉಗುರಿಗೆ ತಾಗುವಷ್ಟು ಆಳದ ಉದ್ದಗೆರೆಗಳಿದ್ದುವು; ಅತ್ಯಂತ ಬಿಸಿಯಾಗುವ ಬದಿ ಅದೇ. ಸಿಲಿಂಡರಿನ ಗೋಡೆಯೂ ಕೆರೆದಿತ್ತು. ಅದನ್ನು ಕೊರೆಸಿ ಮುಂದಿನ ಅಳತೆಯ ಪಿಸ್ಟನ್ನು ಹಾಕಿಸಲಾಯಿತು. ಟ್ಯಾಂಕಿನ ತುಕ್ಕು ತೆಗೆದು, ಕೊಳವೆ, ವಾಷರುಗಳನ್ನು ಎಥೆನಾಲು ತಾಳುವಂಥವಕ್ಕೆ ಬದಲಿಸಿ, ಜೆಟ್ಟನ್ನು ಒಂದು ಅಳತೆ ದೊಡ್ಡದು ಮಾಡಿದೆವು. ಮೊದಲ ಕೆಲವು ನೂರು ಕಿಲೋಮೀಟರು ಅರ್ಧ ವೇಗದಲ್ಲಿ, ಬೆಳಗಿನ ಹೊತ್ತು ಮಾತ್ರ ಓಡಿಸಲು ಹುಡುಗನಿಗೆ ಹೇಳಿದ್ದಾಯಿತು. ಹದಿನೈದು ದಿನಗಳ ಮೇಲೆ ಆತ ಪ್ಲಗ್ಗನ್ನು ಕಾಗದದಲ್ಲಿ ಸುತ್ತಿಕೊಂಡು ಪ್ರಯೋಗಶಾಲೆಗೆ ಬಂದ. ತುದಿ ಬೆಲ್ಲದ ಬಣ್ಣಕ್ಕೆ ತಿರುಗಿತ್ತು.