ಭೀತಿಚಿತ್ರಗಳಲ್ಲಿ ಸ್ತ್ರೀಯ ಸೇಡು: ಒಂದು ವಿವೇಚನೆ

ಸೇಡು ತೀರಿಸಿಕೊಳ್ಳುವ ಹೆಣ್ಣುದೆವ್ವದ ಕಥೆ ಕನ್ನಡನಾಡಿಗೆ ಹೊಸತಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿಯೂ ತೋಟದ ಮೋಹಿನಿಯ ಮಾತನ್ನು ಕೇಳದೆ ಬೆಳೆದವರು ವಿರಳ. ಇಂತಹ ಕಥೆಗಳನ್ನು ಬೆಳ್ಳಿತೆರೆಗೆ ತಂದ ಚಲನಚಿತ್ರಗಳು ಭಯವನ್ನಷ್ಟೇ ಹುಟ್ಟಿಸುವುದಿಲ್ಲ. ಹೆಣ್ಣಿನ ಕೋಪಕ್ಕೆ ಸಮಾಜದಲ್ಲಿ ಎಷ್ಟು ಎಡೆಯುಂಟು ಎಂಬುದನ್ನೂ ತಿಳಿಸುತ್ತವೆ. ಆದುದರಿಂದ ಅವು ವಿವೇಚನೆಗೆ ಅರ್ಹವಾಗಿವೆ.

ಪಿ. ವಾಸು ನಿರ್ದೇಶಿಸಿದ ‘ಆಪ್ತಮಿತ್ರ’ (2004) ಇದಕ್ಕೆ ಪ್ರಸಿದ್ಧ ನಿದರ್ಶನ. ಫಾಸಿಲ್ ಅವರ ‘ಮಣಿಚಿತ್ರತಾಳ್’ (1993) ಎಂಬ ಮಲಯಾಳಂ ಚಿತ್ರ ಇದರ ಮೂಲ. ನಾಗವಲ್ಲಿ ಎಂಬ ನರ್ತಕಿಯನ್ನು ಬಯಸಿದ ದೊರೆ ಅವಳ ಪ್ರಿಯಕರನನ್ನು ಕೊಲ್ಲುತ್ತಾನೆ. ಅವಳೂ ಅವನಿಂದಲೇ ಹತಳಾಗುತ್ತಾಳೆ. ಬಹುಕಾಲದ ಮೇಲೆ ಆ ಮನೆಗೆ ಬಂದ ಗಂಗಾ ಎಂಬ ಗೃಹಿಣಿ ತಾನೇ ನಾಗವಲ್ಲಿಯೆಂದು ಭ್ರಮಿಸಿ, ಪತಿಯಲ್ಲಿ ದೊರೆಯನ್ನು ಕಾಣುತ್ತಾಳೆ. ಈ ಪಾತ್ರವನ್ನು ಸೌಂದರ್ಯ ಅಭಿನಯಿಸಿದರು. ವಿಷ್ಣುವರ್ಧನ್ ಅಭಿನಯಿಸಿದ ಮನೋವೈದ್ಯ, ಇದು ದೆವ್ವವಲ್ಲ, ಮನೋರೋಗ ಎಂದು ಗುರುತಿಸಿ, ಪತಿಯ ಬದಲು ಗೊಂಬೆಯನ್ನಿರಿಸಿ, ಸೇಡು ತೀರಿತೆಂಬ ಭಾವನೆಯನ್ನು ಮೂಡಿಸಿ ಅವಳನ್ನು ಗುಣಪಡಿಸುತ್ತಾನೆ. ಭೂತಭಯವನ್ನು ಬಿಟ್ಟು ವೈದ್ಯಶಾಸ್ತ್ರವನ್ನು ಆಶ್ರಯಿಸಿದುದು ಈ ಕಥೆಯ ಹಿರಿಮೆ.

ಆದರೆ ಒಂದಂಶ ಗಮನಾರ್ಹ. ನಾಗವಲ್ಲಿ ಕನ್ನಡತಿಯಲ್ಲ, ತೆಲುಗು ನರ್ತಕಿ. ಮಲಯಾಳಂ ಮೂಲದಲ್ಲಿ ಅವಳು ತಮಿಳಿನವಳು, ತಮಿಳಿನ ‘ಚಂದ್ರಮುಖಿ’ಯಲ್ಲಿ (2005) ತೆಲುಗಿನವಳು, ಹಿಂದಿಯ ‘ಭೂಲ್ ಭುಲೈಯಾ’ದಲ್ಲಿ (2007) ಬಂಗಾಳದವಳು. ನಾಲ್ಕು ಭಾಷೆಗಳಲ್ಲಿಯೂ ಸಿಡಿದೆದ್ದ ಹೆಣ್ಣು ಹೊರನಾಡಿನವಳು, ಕುಣಿಯುವವಳು, ಸತ್ತವಳು. ಮನೆಯ ಸೊಸೆ ಕೋಪಗೊಳ್ಳಬೇಕಾದರೆ ಪರಭಾಷೆಯನ್ನಾಡಬೇಕು. ಆ ಕೋಪವೂ ರೋಗವೆನಿಸುತ್ತದೆ. ಶಿಕ್ಷೆ ಗೊಂಬೆಗಾಗುತ್ತದೆ; ದೊರೆಯ ಅಪರಾಧ ಹಳೆಯ ಕಥೆಯಾಗಿಯೇ ಉಳಿಯುತ್ತದೆ.

ಹೆಣ್ಣುದೆವ್ವದ ಮತ್ತೊಂದು ಕಥೆ ಕರ್ನಾಟಕದಿಂದಲೇ ಹೊರಟದ್ದು. 1990ರ ದಶಕದಲ್ಲಿ, ರಾತ್ರಿಯ ವೇಳೆ ಪರಿಚಿತರ ದನಿಯಲ್ಲಿ ಕರೆಯುವ ಹೆಣ್ಣುದೆವ್ವದ ವದಂತಿ ಹಬ್ಬಿ, ಜನರು ಮನೆಯ ಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆದರು. ಅಮರ್ ಕೌಶಿಕ್ ನಿರ್ದೇಶನದ ಹಿಂದಿ ಚಿತ್ರ ‘ಸ್ತ್ರೀ’ (2018) ಇಂತಹದೇ ಬರಹವನ್ನು ಬಳಸಿಕೊಂಡಿತು. ಅಲ್ಲಿ ದೆವ್ವ ಒಯ್ಯುವುದು ಗಂಡಸರನ್ನು. ಕತ್ತಲಾದೊಡನೆ ಮನೆ ಸೇರುವ ಅಂಜಿಕೆ ಹೆಣ್ಣಿನಿಂದ ಗಂಡಿಗೆ ವರ್ಗವಾಗುತ್ತದೆ. ಆ ಹೆಣ್ಣಿಗೆ ಬೇಕಾದುದು ಪ್ರೀತಿ ಮತ್ತು ಗೌರವ ಎಂಬುದು ಕೊನೆಗೆ ತಿಳಿಯುತ್ತದೆ. ‘ನಾಳೆ ಬಾ’ ಎಂಬುದು ದೆವ್ವಕ್ಕೆ ಮಾತ್ರ ಹೇಳಿದ ಮಾತಲ್ಲ. ನ್ಯಾಯ ಬೇಡಿ ಬಂದ ಹೆಣ್ಣಿಗೆ ಸಮಾಜ ಬಹುಕಾಲದಿಂದ ಕೊಡುತ್ತ ಬಂದ ಉತ್ತರವೂ ಅದೇ.

ಈ ಸಂದರ್ಭದಲ್ಲಿ ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಯ ಸ್ಮರಣೆ ಉಚಿತ. ಅವಳನ್ನೂ ಒಬ್ಬ ದೊರೆ ಬಯಸಿದನೆಂದು ಪರಂಪರೆ ಹೇಳುತ್ತದೆ. ಅಕ್ಕ ಕೌಶಿಕನ ಅರಮನೆಯನ್ನು ತೊರೆದು ಕಲ್ಯಾಣಕ್ಕೆ ನಡೆದಳು. ಅನುಭವಮಂಟಪದಲ್ಲಿ ಅಲ್ಲಮಪ್ರಭುವಿನ ಕಠಿಣ ಪ್ರಶ್ನೆಗಳಿಗೆ ತನ್ನ ನುಡಿಯಲ್ಲಿಯೇ ಉತ್ತರಿಸಿದಳು. ಆ ಸಭೆ ಪ್ರಶ್ನಿಸಿತು, ಆಲಿಸಿತು, ಬಳಿಕ ತಲೆಬಾಗಿತು. ನಾಗವಲ್ಲಿಗೆ ದೊರೆಯದೆ ಹೋದುದು ಇಂತಹ ಸಭೆ.

ಭೀತಿಚಿತ್ರವನ್ನು ನೋಡುವ ವಿದ್ಯಾರ್ಥಿ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು: ಅನ್ಯಾಯ ಮಾಡಿದವರು ಯಾರು? ಮಾತನಾಡುವವರು ಯಾರು? ಶಿಕ್ಷೆ ಯಾರಿಗೆ? ತೋಟದ ಮನೆಯಲ್ಲಾಗಲಿ ಪಟ್ಟಣದಲ್ಲಾಗಲಿ, ಬದುಕಿರುವ ಹೆಣ್ಣಿನ ಮಾತನ್ನು ಅಂದೇ ಆಲಿಸಿದರೆ ಅವಳ ನ್ಯಾಯಕ್ಕೆ ಪ್ರೇತದ ಬಾಯಿ ಬೇಕಾಗುವುದಿಲ್ಲ.