ಸಮಾನ ಅವಕಾಶ ನೀತಿ: ನಿಮ್ಮ ಕಂಪನಿಯಲ್ಲಿ ಇದೆಯೇ?

ನೇಮಕಾತಿ ಜಾಹೀರಾತಿನ ಕೊನೆಗೆ ‘ವಿಕಲಚೇತನರಿಗೂ ಸ್ವಾಗತ’ ಎಂದು ಬರೆಯುವ ಕಂಪನಿಗಳು ಈಗ ಬೇಕಾದಷ್ಟಿವೆ. ಆ ಸಾಲನ್ನು ನಂಬಿ ಸೇರಿದವರು ಮೊದಲು ಕೇಳಬೇಕಾದದ್ದು ‘ಸಮಾನ ಅವಕಾಶ ನೀತಿ’ಯ ಪ್ರತಿಯನ್ನು. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ 21ನೇ ಕಲಮಿನಂತೆ ಪ್ರತಿ ಸಂಸ್ಥೆಯೂ ಈ ನೀತಿಯನ್ನು ಪ್ರಕಟಿಸಿ, ಒಂದು ಪ್ರತಿಯನ್ನು ವಿಕಲಚೇತನರ ಆಯುಕ್ತರಲ್ಲಿ ನೋಂದಾಯಿಸಬೇಕು. ಇದು ಸರ್ಕಾರಿ ಕಚೇರಿಗಳಿಗಷ್ಟೇ ಅಲ್ಲ, ಖಾಸಗಿ ಕಂಪನಿ, ಕಾರ್ಖಾನೆ, ಸಹಕಾರ ಸಂಘ, ಟ್ರಸ್ಟ್‌ಗಳಿಗೂ ಅನ್ವಯ.

20 ಅಥವಾ ಹೆಚ್ಚು ನೌಕರರಿರುವಲ್ಲಿ ವಿಕಲಚೇತನರಿಗೆ ಸೂಕ್ತವಾದ ಹುದ್ದೆಗಳು, ಆಯ್ಕೆಯ ವಿಧಾನ, ತರಬೇತಿ, ವಿಶೇಷ ರಜೆ, ಸಹಾಯಕ ಸಾಧನಗಳ ವಿವರ ನೀತಿಯಲ್ಲಿರಬೇಕು, ಸಂಪರ್ಕಾಧಿಕಾರಿಯೊಬ್ಬರು ನೇಮಕವಾಗಿರಬೇಕು. ವೆಬ್‌ಸೈಟಿನಲ್ಲಿ ಹಾಕದಿದ್ದರೆ ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಅಂಟಿಸಬೇಕು.

ಕಾಯ್ದೆಯ ಜೀವಾಳ ಇರುವುದು ‘ಸೂಕ್ತ ಹೊಂದಾಣಿಕೆ’ಯಲ್ಲಿ. ದೃಷ್ಟಿದೋಷವಿರುವ ಲೆಕ್ಕಿಗನಿಗೆ ಸ್ಕ್ರೀನ್ ರೀಡರ್, ಕಿವಿ ಕೇಳದವರಿಗೆ ಸಭೆಯಲ್ಲಿ ಸಂಜ್ಞಾ ಭಾಷೆಯ ನೆರವು, ಹಿಮೋಫಿಲಿಯಾ ಇರುವವರಿಗೆ ಭಾರ ಎತ್ತದ ಕೆಲಸ. ಕಂಪನಿಗೆ ಮಿತಿಮೀರಿದ ಹೊರೆಯಾಗದಿದ್ದರೂ ಇದನ್ನು ನಿರಾಕರಿಸಿದರೆ ಕಾನೂನಿನ ಕಣ್ಣಲ್ಲಿ ಅದೇ ತಾರತಮ್ಯ. ಪಟ್ಟಿಯಲ್ಲಿ 21 ಬಗೆಯ ವೈಕಲ್ಯಗಳಿವೆ. ಮಾನಸಿಕ ಕಾಯಿಲೆಯಂತಹ ಹೊರಗೆ ಕಾಣದವೂ, ಪಾರ್ಕಿನ್ಸನ್ ಕೂಡ ಅದರಲ್ಲಿ ಸೇರಿವೆ. ‘ನಿಮಗೆ ಶೇ 40 ವೈಕಲ್ಯ ಇಲ್ಲವಲ್ಲ’ ಎಂದು ಎಚ್‌ಆರ್ ವಿಭಾಗದವರು ರಾಗ ಎಳೆಯುವುದುಂಟು. ಶೇ 40ರ ಅಳತೆ ಬೇಕಾಗುವುದು ಮೀಸಲಾತಿಯಂತಹ ಸೌಲಭ್ಯಗಳಿಗೆ. ಬರೆಯುವಾಗ ಕೈ ಸೆಟೆಯುವ ತೊಂದರೆಯಿದ್ದ ಅಭ್ಯರ್ಥಿಗೆ, ಆ ಅಳತೆ ಮುಟ್ಟದಿದ್ದರೂ, ಪರೀಕ್ಷೆಯಲ್ಲಿ ಲಿಪಿಕಾರರ ನೆರವು ಸಿಗಬೇಕೆಂದು 2021ರಲ್ಲಿ ವಿಕಾಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗಬೇಡಿ. ಯಾವ ಕೆಲಸಕ್ಕೆ ಯಾವ ಅಡ್ಡಿಯಿದೆ, ಏನು ಬದಲಾದರೆ ಸಾಕು ಎಂಬುದನ್ನು ಸಂಪರ್ಕಾಧಿಕಾರಿಗೆ ಇಮೇಲ್ ಮಾಡಿ. ಯುಡಿಐಡಿ ಕಾರ್ಡ್ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ) ಅಥವಾ ವೈದ್ಯಕೀಯ ದಾಖಲೆ ಲಗತ್ತಿಸಿ, ಪ್ರತಿಯನ್ನು ನಿಮ್ಮ ಸ್ವಂತ ಮೇಲ್‌ಗೂ ಕಳಿಸಿಕೊಳ್ಳಿ. ಕಂಪನಿಯ ಮೇಲ್ ಖಾತೆ ಯಾವತ್ತೂ ನಿಮ್ಮದಲ್ಲ. ಉತ್ತರ ಬಾರದಿದ್ದರೆ ಬೆಂಗಳೂರಿನಲ್ಲಿರುವ ರಾಜ್ಯ ಆಯುಕ್ತರಿಗೆ ದೂರು ಕೊಡಿ. ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಆದರೆ ಕೊನೆಗೆ ಅವರು ಕೊಡುವುದು ಶಿಫಾರಸು. ಶಿಫಾರಸು ಪಡೆದವರು ಅದರ ಮೇಲೆ ಕ್ರಮ ಕೈಗೊಂಡು ಮೂರು ತಿಂಗಳಲ್ಲಿ ಆಯುಕ್ತರಿಗೆ ತಿಳಿಸಬೇಕು, ಒಪ್ಪದಿದ್ದರೆ ಕಾರಣ ಹೇಳಬೇಕು. ಕಾಯ್ದೆಯ ಹಲ್ಲು ಇಲ್ಲಿ ಸ್ವಲ್ಪ ಮೊಂಡು ಎನ್ನಲೇಬೇಕು. ಉಲ್ಲಂಘನೆಗೆ ಮೊದಲ ಸಲ ದಂಡ ₹10,000ದವರೆಗೆ, ಮರುಕಳಿಸಿದರೆ ₹50,000ದಿಂದ ₹5 ಲಕ್ಷ.

ಕೆಲಸದಲ್ಲಿದ್ದಾಗಲೇ ಅಂಗವೈಕಲ್ಯ ಬಂದರೆ ವಜಾ ಮಾಡಬಾರದೆಂಬ 20ನೇ ಕಲಮಿನ ರಕ್ಷಣೆ ಸರ್ಕಾರಿ ಸಂಸ್ಥೆಗಳ ನೌಕರರಿಗೆ ಮಾತ್ರ. ಖಾಸಗಿಯವರು ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಹಾಗಾಗಿ ‘ನೀವೇ ರಾಜೀನಾಮೆ ಕೊಟ್ಟುಬಿಡಿ’ ಎಂದು ಯಾರಾದರೂ ನಯವಾಗಿ ಹೇಳಿದರೆ ಸಹಿ ಹಾಕಬೇಡಿ. ಹೊಂದಾಣಿಕೆ ಇಲ್ಲವೇ ಬೇರೆ ಹುದ್ದೆ ಕೇಳುವ ಮನವಿಯನ್ನು ಮೊದಲು ಲಿಖಿತವಾಗಿ ಕೊಟ್ಟು, ಸ್ವೀಕೃತಿ ಪಡೆಯಿರಿ.