ಹೂವಿನ ಪ್ರಭೇದಕ್ಕೆ ಅಂಕಿ ಯಾವುದು?

ಉದ್ದವನ್ನು ಅಳೆಯಬಹುದು, ಭಾರವನ್ನು ತೂಗಬಹುದು. ಆದರೆ ಗಿಡದ ಪ್ರಭೇದ, ಮಣ್ಣಿನ ಬಗೆ, ರಕ್ತದ ಗುಂಪು ಮೊದಲಾದುವಕ್ಕೆ ಅಳತೆಗೋಲಿಲ್ಲ. ಇರುವುದು ಹೆಸರು ಮಾತ್ರ. ಒಂದು ಪರಿಮಾಣವು ಇತರ ಪರಿಮಾಣಗಳನ್ನು ಅನುಸರಿಸಿ ಹೇಗೆ ಬದಲಾಗುತ್ತದೆಂಬುದನ್ನು ತಿಳಿಸುವ ರಿಗ್ರೆಷನ್ ಸಮೀಕರಣದೊಳಕ್ಕೆ ಇಂಥ ಹೆಸರುಗಳನ್ನು ತರುವ ಬಗೆ ಯಾವುದು?

ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಷರ್ ಅವರು 1936ರಲ್ಲಿ ಐರಿಸ್ ಎಂಬ ಹೂಗಿಡದ ಅಳತೆಗಳನ್ನು ಪ್ರಕಟಿಸಿದರು. ಅವನ್ನು ಒದಗಿಸಿದವರು ಅಮೆರಿಕದ ಸಸ್ಯವಿಜ್ಞಾನಿ ಎಡ್ಗರ್ ಆಂಡರ್ಸನ್. ಸೆಟೋಸ, ವರ್ಸಿಕಲರ್, ವರ್ಜಿನಿಕ ಎಂಬ ಮೂರು ಪ್ರಭೇದಗಳಲ್ಲಿ ತಲಾ 50 ಹೂಗಳು. ಹೊರಸುತ್ತಿನ ಪುಷ್ಪಪತ್ರದ (ಐರಿಸಿನಲ್ಲಿ ಇದೂ ದಳದಂತೆಯೇ ಬಣ್ಣವುಳ್ಳದ್ದು) ಸರಾಸರಿ ಉದ್ದ ಕ್ರಮವಾಗಿ 5.01, 5.94, 6.59 ಸೆಂಟಿಮೀಟರು.

ಪ್ರಭೇದಗಳಿಗೆ 1, 2, 3 ಎಂದು ಅಂಕಿ ಕೊಟ್ಟರೆ ಸಾಲದೆ? ಸಾಲದು. ಹಾಗೆ ಮಾಡಿದರೆ ಒಂದರಿಂದ ಮುಂದಿನದಕ್ಕೆ ಒಂದೇ ಅಂತರವಿರಬೇಕೆಂದು ಗಣಿತಕ್ಕೆ ನಾವೇ ಅಪ್ಪಣೆ ಮಾಡಿದಂತಾಗುತ್ತದೆ. ವಾಸ್ತವದಲ್ಲಿ ಅಂತರಗಳು 0.93 ಮತ್ತು 0.65. ಸರದಿಯನ್ನು ಬದಲಿಸಿದರಂತೂ ಉತ್ತರವೇ ಬೇರೆ.

ಆದುದರಿಂದ ಒಂದು ಪ್ರಭೇದವನ್ನು ಆಧಾರವಾಗಿಟ್ಟು, ಉಳಿದವಕ್ಕೆ ಒಂದೊಂದು ಸೂಚಕ ಚರವನ್ನು ಕೊಡುತ್ತಾರೆ. ಹೂವು ಆ ಪ್ರಭೇದದ್ದಾದರೆ ಅದರ ಬೆಲೆ 1, ಇಲ್ಲವಾದರೆ 0. ಸೆಟೋಸ ಆಧಾರವಾದಾಗ:

ಉದ್ದ = 5.01 + 0.93 × ವರ್ಸಿಕಲರ್ + 1.58 × ವರ್ಜಿನಿಕ

ಸೆಟೋಸ ಎಲ್ಲಿ ಹೋಯಿತೆಂದು ವಿದ್ಯಾರ್ಥಿಗಳು ಕೇಳುವುದುಂಟು. 5.01 ಎಂಬ ಸ್ಥಿರಾಂಕವೇ ಅದು. 0.93 ಎಂಬುದು ವರ್ಸಿಕಲರ್ ಸೆಟೋಸಕ್ಕಿಂತ ಎಷ್ಟು ಹೆಚ್ಚೆಂಬ ವ್ಯತ್ಯಾಸ. ಮೂರಕ್ಕೂ ಸೂಚಕ ಕೊಟ್ಟರೆ ಅವುಗಳ ಮೊತ್ತ ಯಾವಾಗಲೂ 1 ಆಗುವುದರಿಂದ, ಸ್ಥಿರಾಂಕದ ಪಾಲೆಷ್ಟು, ಪ್ರಭೇದದ ಪಾಲೆಷ್ಟು ಎಂದು ವಿಂಗಡಿಸಲಾಗದು.

ಇಲ್ಲಿಯವರೆಗೆ ಸುಲಭ. ಈಗ ಇದೇ ಸಮೀಕರಣಕ್ಕೆ ಒಳಸುತ್ತಿನ ಪುಷ್ಪದಳದ ಉದ್ದವನ್ನೂ ಸೇರಿಸೋಣ. ವರ್ಸಿಕಲರ್‌ನ ಸಹಗುಣಕ −1.60 ಆಗುತ್ತದೆ, ವರ್ಜಿನಿಕದ್ದು −2.12! ಉದ್ದವಾಗಿದ್ದುದು ಗಿಡ್ಡವಾಯಿತೆ? ಹೂಗಳು ಇದ್ದಂತೆಯೇ ಇವೆ, ಬದಲಾದುದು ಪ್ರಶ್ನೆ. ದಳದ ಉದ್ದ ಸಮನಾಗಿರುವ ಎರಡು ಪ್ರಭೇದದ ಹೂಗಳಲ್ಲಿ ಪುಷ್ಪಪತ್ರದ ವ್ಯತ್ಯಾಸವೆಷ್ಟೆಂಬುದನ್ನು ಈ ಅಂಕಿಗಳು ಹೇಳುತ್ತವೆ.

ಆದರೆ ಅಂಥ ಜೋಡಿ ಎಲ್ಲಿದೆ? ಫಿಷರ್ ಅವರ ಪಟ್ಟಿಯಲ್ಲಿ ಸೆಟೋಸದ ದಳ 1.9 ಸೆಂಟಿಮೀಟರನ್ನು ಮೀರಿಲ್ಲ, ವರ್ಸಿಕಲರ್‌ನದು 3.0ಕ್ಕೆ ಕಡಿಮೆಯಿಲ್ಲ. ಹೂವೇ ಇಲ್ಲದ ಎಡೆಗೆ ಸರಳರೇಖೆಯನ್ನು ನೀಡಿ, ಕಾಗದದ ಮೇಲೆ ನಡೆಸಿದ ಹೋಲಿಕೆ ಇದು. ವರ್ಸಿಕಲರ್, ವರ್ಜಿನಿಕಗಳ ಸಂಗತಿ ಬೇರೆ. ಅವುಗಳ ದಳಗಳು 4.5ರಿಂದ 5.1ರವರೆಗೆ ಎರಡರಲ್ಲಿಯೂ ದೊರೆಯುತ್ತವೆ. ಎರಡು ಸಹಗುಣಕಗಳ ವ್ಯತ್ಯಾಸ −0.52, ಎಂದರೆ ಸಮಾನ ದಳವುಳ್ಳ ವರ್ಜಿನಿಕದ ಪುಷ್ಪಪತ್ರ ಸುಮಾರು ಅರ್ಧ ಸೆಂಟಿಮೀಟರು ಗಿಡ್ಡ. ಈ ಮಾತಿಗೆ ಸಾಕ್ಷಿಯಾಗಿ ನಿಜವಾದ ಹೂಗಳಿವೆ.